‘ಎ ಪ್ಯಾಷನ್ ಪ್ಲೇ’ ಕೇಳಿದರೆ ತಲೆನೋವು: ತಪ್ಪು ಆಲ್ಬಮ್ಮಿನದೋ, ಕಿವಿಯದೋ?

ಪ್ರಶ್ನೆ: ನಾನು ಮೈಸೂರಿನವನು. ಕಾಲೇಜು ದಿನಗಳಿಂದ ಬ್ರಿಟನ್ನಿನ ರಾಕ್ ಬ್ಯಾಂಡ್ ಜೆತ್ರೊ ಟಲ್ ಅಂದರೆ ಪ್ರಾಣ. ಅವರ ‘ಆಕ್ವಾಲಂಗ್’, ‘ಥಿಕ್ ಆ್ಯಸ್ ಎ ಬ್ರಿಕ್’ ಆಲ್ಬಮ್ ಎರಡೂ ಬಾಯಿಪಾಠ. ಈಚೆಗೆ ಅವರ 1973ರ ‘ಎ ಪ್ಯಾಷನ್ ಪ್ಲೇ’ ಹಳೇ ಎಲ್‌ಪಿ ಸಿಕ್ಕಿತು. ದುಡ್ಡು ಸ್ವಲ್ಪ ಜಾಸ್ತಿಯೇ ಕೊಟ್ಟೆ. ಮೂರು ಸಲ ಕೇಳಿದೆ. ಎರಡನೇ ಬದಿ ಮುಗಿಯುವ ಹೊತ್ತಿಗೆ ಪ್ರತಿ ಸಲವೂ ತಲೆ ಸಿಡಿಯುತ್ತದೆ. ಕಥೆಯ ತಲೆಬುಡ ಗೊತ್ತಾಗುತ್ತಿಲ್ಲ. ನಡುವೆ ಯಾವುದೋ ಮೊಲದ ಕಥೆ ಬರುತ್ತದೆ, ಅದು ಶುರುವಾದ ಕೂಡಲೇ ಹೆಂಡತಿ ಎದ್ದು ಹೋಗುತ್ತಾಳೆ. ಆದರೂ ಕೆಲವು ತುಣುಕುಗಳು ಮಾರನೇ ದಿನವೆಲ್ಲ ಗುನುಗಿಕೊಳ್ಳುವಂತೆ ಮಾಡುತ್ತವೆ. ಈ ಆಲ್ಬಮ್ ನೆಲಕಚ್ಚಿತು, ಇದರಿಂದಲೇ ಬ್ಯಾಂಡ್ ವೇದಿಕೆ ಬಿಟ್ಟಿತು, ನಿಜವಾದ ಒಳ್ಳೇ ಆಲ್ಬಮ್ ಫ್ರಾನ್ಸಿನಲ್ಲೇ ಉಳಿದುಹೋಯಿತು ಅಂತೆಲ್ಲ ಓದಿದ್ದೇನೆ. ಇದೆಲ್ಲ ನಿಜವೇ? ಎಲ್‌ಪಿ ಮಾರಿಬಿಡಲೇ, ಅಥವಾ 2014ರ ಹೊಸ ಮಿಕ್ಸ್ (ಮೂಲ ಟೇಪಿನ ದನಿಗಳನ್ನು ಮತ್ತೆ ಹದ ಮಾಡಿದ ಆವೃತ್ತಿ) ಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸೇರಿಕೊಂಡಿವೆ. ಒಂದು, ಆಲ್ಬಮ್ ನಿಜಕ್ಕೂ ಕೆಟ್ಟದ್ದೋ ಅಥವಾ ನಿಮಗೇ ಹಿಡಿಯುತ್ತಿಲ್ಲವೋ ಎನ್ನುವುದು. ಇನ್ನೊಂದು ತಲೆನೋವು. ನಾನು ತಲೆನೋವಿನಿಂದಲೇ ಶುರು ಮಾಡುತ್ತೇನೆ. ಹಳೇ ಎಲ್‌ಪಿಗಳನ್ನು ಡಿಜಿಟಲ್‌ಗೆ ಇಳಿಸುವುದೇ ನನ್ನ ಹೊಟ್ಟೆಪಾಡು. ಈ ದೂರು ಈ ಒಂದು ಆಲ್ಬಮ್ ಬಗ್ಗೆ ನನ್ನ ಬಳಿ ಪದೇ ಪದೇ ಬಂದಿದೆ.

‘ಎರಡನೇ ಬದಿ ಮುಗಿಯುವ ಹೊತ್ತಿಗೆ’ ಅಂತ ಬರೆದಿದ್ದೀರಲ್ಲ, ಅದೇ ಸುಳಿವು. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ಒಂಚೂರು ಜಾಸ್ತಿ ಸುತ್ತು ತಿರುಗುತ್ತದೆ. ಆ ವೇಗ ಬದಲಾಗುವುದಿಲ್ಲ. ಆದರೆ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ, ಒಳಗಿನ ಕೊನೆಯಲ್ಲಿ ಬರೀ 21ರ ಆಸುಪಾಸು. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ತೊಂದರೆ ಮೊದಲು ಕಾಣುವುದು ಎತ್ತರದ, ಚೂಪಾದ ದನಿಗಳಲ್ಲಿ. ಅವು ಒಡೆದು ಕಿವಿಗೆ ಚುಚ್ಚುತ್ತವೆ.

ಈಗ ಈ ಆಲ್ಬಮ್ ನೋಡಿ. ಇಡೀ ಆಲ್ಬಮ್ ನಿಲ್ಲದೆ ಸಾಗುವ ಒಂದೇ ರಚನೆ. ಒಟ್ಟು 45 ನಿಮಿಷ, ಅಂದರೆ ಬದಿಗೆ ಸರಾಸರಿ 22 ನಿಮಿಷಕ್ಕೂ ಜಾಸ್ತಿ. ಹಾಗಾಗಿ ಗೆರೆಗಳು ಒಳಗಿನವರೆಗೂ ಹೋಗುತ್ತವೆ. ಬ್ಯಾಂಡಿನ ಮುಖ್ಯ ಗಾಯಕ ಇಯಾನ್ ಆಂಡರ್ಸನ್ ಇಲ್ಲಿ ತನ್ನ ಕೊಳಲನ್ನು ಸ್ವಲ್ಪ ಬದಿಗಿಟ್ಟು ಸೊಪ್ರಾನೊ ಮತ್ತು ಸೊಪ್ರಾನಿನೊ ಸ್ಯಾಕ್ಸೊಫೋನ್ ಹಿಡಿದಿದ್ದಾನೆ. ಎರಡೂ ಚಿಕ್ಕವು, ಎರಡೂ ಎತ್ತರದ ದನಿಯವು. ಸಾಲದ್ದಕ್ಕೆ, ಇಡೀ ಆಲ್ಬಮ್ಮಿನ ಅತಿ ಒರಟಾದ, ಗಿಟಾರ್ ಗುಡುಗುವ ಭಾಗ ‘ಮೇಗಸ್ ಪರ್ಡೆ’ ಬಂದು ಕೂತಿರುವುದು ಎರಡನೇ ಬದಿಯ ಕಟ್ಟಕಡೆಗೆ. ಬಿಗಿಯಾದ ಜಾಗ, ಜೋರಾದ ಸಂಗೀತ. ಸೂಜಿ ಸ್ವಲ್ಪ ಸವೆದಿದ್ದರೂ, ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಒಂಚೂರು ಓರೆ ಕೂತಿದ್ದರೂ ಅಲ್ಲಿ ಸಂಗೀತ ಕೇಳಿಸುವುದಿಲ್ಲ, ಕರ್ಕಶ ಸದ್ದು ಕೇಳಿಸುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ನಿಮ್ಮಲ್ಲಿರುವ ಇನ್ನೊಂದು ಒಳ್ಳೇ ಸ್ಥಿತಿಯ ಎಲ್‌ಪಿಯ ಕೊನೇ ಹಾಡು ಹಾಕಿ. ಹಾಡುವವರು ‘ಸ’, ‘ಶ’ ಅಂದಾಗ ಗಮನಿಸಿ. ಅಲ್ಲೂ ಉಗುಳಿದಂತೆ ಕೇಳಿಸಿದರೆ ತಪ್ಪು ನಿಮ್ಮ ಪ್ಲೇಯರಿನದು. ಅಲ್ಲಿ ಚೆನ್ನಾಗಿದ್ದು ಇಲ್ಲಿ ಮಾತ್ರ ಕೆಟ್ಟಿದ್ದರೆ, ನಿಮಗಿಂತ ಮುಂಚಿನ ಮಾಲೀಕರು ಸವೆದ ಸೂಜಿಯಲ್ಲಿ ಗೆರೆಗಳನ್ನೇ ಉತ್ತುಬಿಟ್ಟಿದ್ದಾರೆ ಅಂತ. ಎಪ್ಪತ್ತರ ದಶಕದ ಪ್ರತಿಗಳಲ್ಲಿ ಇದು ಮಾಮೂಲು.

ಹಾಗಂತ ಎಲ್ಲ ತಪ್ಪನ್ನೂ ಸೂಜಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ. ಆಲ್ಬಮ್ಮಿನಲ್ಲೇ ಒಂದು ದೋಷ ಇದೆ. ಜಾಗ ಇಲ್ಲ. ಸ್ಯಾಕ್ಸೊಫೋನ್, ಜಾನ್ ಇವಾನನ ಸಿಂಥಸೈಸರ್ ಮತ್ತು ಆರ್ಗನ್, ಮಾರ್ಟಿನ್ ಬಾರ್‌ನ ಗಿಟಾರ್, ಆಂಡರ್ಸನ್ನನ ಗಂಟಲು, ಎಲ್ಲವೂ ಒಂದೇ ಎತ್ತರದಲ್ಲಿ, ಒಂದೇ ಹೊತ್ತಿಗೆ ಮಾತಾಡುತ್ತವೆ. ತಾಳ ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಕೆಲವೆಡೆ ಹನ್ನೊಂದು ಎಣಿಕೆಯ 11/8 ಕೂಡ ಬರುತ್ತದೆ. ‘ಥಿಕ್ ಆ್ಯಸ್ ಎ ಬ್ರಿಕ್’ನಲ್ಲೂ ತಾಳ ಬದಲಾಗುತ್ತಿತ್ತು, ಆದರೆ ಅಲ್ಲಿ ಅಕೂಸ್ಟಿಕ್ ಗಿಟಾರ್ ಬಂದು ಮತ್ತೆ ಮತ್ತೆ ಉಸಿರಾಡಲು ಬಿಡುತ್ತಿತ್ತು. ಇಲ್ಲಿ ಆ ಬಿಡುವು ತೀರಾ ಅಪರೂಪ. ಅದು ಯಾಕೆ ಹೀಗಾಯಿತು ಅಂತ ತಿಳಿಯಲು ನೀವು ಕೇಳಿದ ಫ್ರಾನ್ಸಿನ ಕಥೆಗೇ ಹೋಗಬೇಕು.

1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಗಿತ್ತು. ದುಡ್ಡು ಬಂತು, ಜೊತೆಗೆ ಬ್ರಿಟನ್ನಿನ ವಿಪರೀತ ತೆರಿಗೆಯೂ ಬಂತು. ಆ ಕಾಲದ ಎಷ್ಟೋ ಬ್ಯಾಂಡುಗಳಂತೆ ಇವರೂ ದೇಶ ಬಿಟ್ಟು ಇರುವ ಯೋಚನೆ ಮಾಡಿದರು. ಪ್ಯಾರಿಸ್ ಹತ್ತಿರದ ಶಾತೊ ದೆರುವಿಲ್ ಎಂಬ ಹಳೇ ಬಂಗಲೆಯ ಸ್ಟುಡಿಯೋಗೆ ಹೋದರು. ಗಾಯಕ ಎಲ್ಟನ್ ಜಾನ್ ಅಲ್ಲಿ ಚೆನ್ನಾಗಿಯೇ ರೆಕಾರ್ಡ್ ಮಾಡಿದ್ದ. ಇವರಿಗೆ ಮಾತ್ರ ಏನೂ ಕೂಡಿಬರಲಿಲ್ಲ. ಯಂತ್ರಗಳು ಕೈಕೊಟ್ಟವು, ಊಟ ಹೊಟ್ಟೆ ಕೆಡಿಸಿತು, ಮನೆ ನೆನಪು ಕಾಡಿತು. ಸುಮಾರು ಒಂದು ಗಂಟೆಯಷ್ಟು ಸಂಗೀತ ಮಾಡಿಟ್ಟು, ಅದನ್ನು ಅರ್ಧಕ್ಕೇ ಬಿಟ್ಟು ಇಂಗ್ಲೆಂಡಿಗೆ ವಾಪಸ್ ಬಂದುಬಿಟ್ಟರು. ಸಂಗೀತಗಾರರು ತಾವೇ ಆಮೇಲೆ ಅದಕ್ಕೆ ಇಟ್ಟ ಅಡ್ಡಹೆಸರು ‘ಶಾತೊ ಡಿಸಾಸ್ಟರ್’, ಅಂದರೆ ಬಂಗಲೆಯ ದುರಂತ.

ಬಂದವರು ಅದನ್ನೇ ರಿಪೇರಿ ಮಾಡಬಹುದಿತ್ತು. ಮಾಡಲಿಲ್ಲ. ಹಳೇದನ್ನು ಮತ್ತೆ ನುಡಿಸುವ ಉತ್ಸಾಹ ಯಾರಿಗೂ ಇರಲಿಲ್ಲ. ಟೂರ್ ಮುಂದೆ ಬಂದು ನಿಂತಿತ್ತು. ಆಂಡರ್ಸನ್ ಬಹುಪಾಲು ಹೊಸದಾಗಿ ಬರೆದ. ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ ಕೆಲವೇ ವಾರಗಳಲ್ಲಿ ಇಡೀ ಆಲ್ಬಮ್ ಮುಗಿಯಿತು. ಸ್ಟುಡಿಯೋದಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ. ಸಮಯ ಕಡಿಮೆ ಇದ್ದಾಗ ಸಂಗೀತ ಸರಳ ಆಗುವುದಿಲ್ಲ, ತುಂಬಿಕೊಳ್ಳುತ್ತದೆ. ಸೇರಿಸುವುದಕ್ಕೆ ಒಂದು ರಾತ್ರಿ ಸಾಕು. ಯಾವುದನ್ನು ತೆಗೆಯಬೇಕು ಅಂತ ತಿಳಿಯಲು ಟೇಪನ್ನು ಬಿಟ್ಟು ಒಂದು ತಿಂಗಳು ದೂರ ಇರಬೇಕು. ಇವರಿಗೆ ಆ ತಿಂಗಳು ಇರಲಿಲ್ಲ.

ಇನ್ನು ನೀವು ಓದಿದ ಮಾತುಗಳು. ನೆಲಕಚ್ಚಿತು ಅನ್ನುವುದು ಶುದ್ಧ ಸುಳ್ಳು. 1973ರ ಜುಲೈಯಲ್ಲಿ ಬಂದ ಈ ಆಲ್ಬಮ್ ಕೂಡ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಯೋಚಿಸಿ ನೋಡಿ, ಸತ್ತವನೊಬ್ಬನ ಬಗ್ಗೆ, ಎಲ್ಲೂ ನಿಲ್ಲದ 45 ನಿಮಿಷದ ಸಂಗೀತ, ಅದೂ ನಂಬರ್ ಒನ್! ಬೈದದ್ದು ವಿಮರ್ಶಕರು. ಮೆಲೊಡಿ ಮೇಕರ್, ರೋಲಿಂಗ್ ಸ್ಟೋನ್ ಎಂಬ ಸಂಗೀತ ಪತ್ರಿಕೆಗಳು ಎರಡೂ ಚೆನ್ನಾಗಿಯೇ ಝಾಡಿಸಿದವು. ಅದಕ್ಕೂ ಒಂದು ಕಾರಣ ಇದೆ. ಆಲ್ಬಮ್ ಅಂಗಡಿಗೆ ಬರುವ ಮುಂಚೆಯೇ ಬ್ಯಾಂಡ್ ಇದನ್ನು ವೇದಿಕೆಯ ಮೇಲೆ ಪೂರ್ತಿ ನುಡಿಸಲು ಶುರು ಮಾಡಿತ್ತು. ಒಂದು ಅಕ್ಷರವೂ ಗೊತ್ತಿಲ್ಲದ ಸಂಗೀತವನ್ನು ದೊಡ್ಡ ಸಭಾಂಗಣದ ಗದ್ದಲದಲ್ಲಿ ಒಂದೇ ಸಲ ಕೇಳಿ, ಅದೇ ರಾತ್ರಿ ಬರೆಯಬೇಕು ಅಂದರೆ ನಾನೂ ಬಹುಶಃ ಬೈಯುತ್ತಿದ್ದೆ.

ಬ್ಯಾಂಡ್ ವೇದಿಕೆ ಬಿಟ್ಟಿತು ಅನ್ನುವುದು ಅರ್ಧ ಸತ್ಯ. ಕೆಟ್ಟ ವಿಮರ್ಶೆಯಿಂದ ಬೇಸತ್ತು ಜೆತ್ರೊ ಟಲ್ ಪ್ರದರ್ಶನ ನಿಲ್ಲಿಸುತ್ತಿದೆ ಅಂತ ಆ ವರ್ಷ ಪತ್ರಿಕೆಯಲ್ಲಿ ಬಂದದ್ದು ನಿಜ. ಆ ಸುದ್ದಿ ಹೊರಟದ್ದು ಮ್ಯಾನೇಜರ್ ಟೆರಿ ಎಲ್ಲಿಸ್ ಕಡೆಯಿಂದ. ವರ್ಷಗಟ್ಟಲೆ ಸುತ್ತಿ ದಣಿದವರಿಗೆ ಒಂದು ರಜೆ ಬೇಕಿತ್ತು. ಅದನ್ನೇ ದೊಡ್ಡ ಸುದ್ದಿ ಮಾಡಲಾಯಿತು. ಆಂಡರ್ಸನ್‌ಗೆ ಇದರಿಂದ ಆದದ್ದು ಮುಜುಗರವೇ. ಬಯ್ಗುಳಕ್ಕೆ ಅತ್ತುಕೊಂಡು ಓಡಿದವರು ಅನ್ನುವ ಹೆಸರು ಬಂತು ನೋಡಿ. 1974ರಲ್ಲಿ ‘ವಾರ್ ಚೈಲ್ಡ್’ ಹಿಡಿದು ವಾಪಸ್ ಬಂದೇ ಬಂದರು.

ಫ್ರಾನ್ಸಿನಲ್ಲಿ ‘ನಿಜವಾದ’ ಆಲ್ಬಮ್ ಉಳಿಯಿತು ಅನ್ನುವುದನ್ನು ಈಗ ಯಾರು ಬೇಕಾದರೂ ಪರೀಕ್ಷಿಸಬಹುದು. ಆ ಟೇಪುಗಳು 1993ರ ‘ನೈಟ್‌ಕ್ಯಾಪ್’ ಸಂಗ್ರಹದಲ್ಲಿ ಹೊರಬಂದವು, 2014ರಲ್ಲಿ ಇನ್ನೂ ಶುದ್ಧವಾಗಿ ಬಂದವು. ಕೇಳಲು ಹಗುರವಾಗಿವೆ, ಕೆಲವು ಚೆಂದವಾಗಿವೆ. ಆದರೆ ಅವು ಬಿಡಿ ಹಾಡುಗಳು. ಬೆನ್ನೆಲುಬು ಇಲ್ಲ. ‘ಕ್ರಿಟೀಕ್ ಒಬ್ಲೀಕ್’ ಎನ್ನುವ ಭಾಗವನ್ನು ಎರಡೂ ಕಡೆ ಕೇಳಿ. ಫ್ರಾನ್ಸಿನಲ್ಲಿ ಅದೊಂದು ಒಳ್ಳೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಸ್ವರಗುಚ್ಛ, ಅಷ್ಟೇ. ಲಂಡನ್ನಿನಲ್ಲಿ ಅದು ಸತ್ತವನ ಎದುರು ತೀರ್ಪು ಓದುವ ದನಿ. ನನ್ನ ಪ್ರಕಾರ ಅವರು ಬಿಟ್ಟುಬಂದದ್ದು ಸರಿಯಾದದ್ದನ್ನೇ.

ಈಗ ನಿಮ್ಮ ದೊಡ್ಡ ತೊಡಕು, ಕಥೆ. ಹೆಸರು ದಾರಿ ತಪ್ಪಿಸುತ್ತದೆ. ಯೇಸುವಿನ ಕೊನೆಯ ದಿನಗಳ ಯಾತನೆಯನ್ನು ಆಡಿ ತೋರಿಸುವ ನಾಟಕಕ್ಕೆ ಯುರೋಪಿನಲ್ಲಿ ಪ್ಯಾಷನ್ ಪ್ಲೇ ಅನ್ನುತ್ತಾರೆ. ಇಲ್ಲಿ ಯೇಸುವಿನ ಕಥೆ ಇಲ್ಲ. ರಾನಿ ಪಿಲ್ಗ್ರಿಮ್ ಎಂಬ ಸಾಮಾನ್ಯ ಮನುಷ್ಯ ಇದ್ದಾನೆ. ಅವನು ಸತ್ತಿದ್ದಾನೆ. ಎದೆಬಡಿತದ ಸದ್ದು, ಆಮೇಲೆ ತನ್ನ ಶವಸಂಸ್ಕಾರವನ್ನೇ ತಾನು ನೋಡುತ್ತ ನಿಂತವನ ಹಾಡು. ಅಲ್ಲಿಂದ ನಾಲ್ಕು ಅಂಕ.

ಎರಡನೇ ಅಂಕ ‘ಮೆಮರಿ ಬ್ಯಾಂಕ್’. ನನಗೆ ಇಡೀ ಆಲ್ಬಮ್ಮಿನಲ್ಲಿ ಇಷ್ಟವಾದ ಜಾಗ ಇದು. ರಾನಿಯ ಬದುಕನ್ನೆಲ್ಲ ಯಾರೋ ಚಿತ್ರೀಕರಿಸಿಟ್ಟಿದ್ದಾರೆ. ಒಂದು ಸಣ್ಣ ಸಭೆ ಕೂತು ಅದನ್ನು ನೋಡಿ ತೀರ್ಪು ಕೊಡುತ್ತದೆ. ನಮಗೆ ಇದು ಚಿತ್ರಗುಪ್ತನ ಕಚೇರಿ, ಲೆಕ್ಕದ ಪುಸ್ತಕದ ಬದಲು ಪರದೆ, ಅಷ್ಟೇ. ಒಂದು ಚಿಕ್ಕ ವ್ಯತ್ಯಾಸ ಇದೆ. ಚಿತ್ರಗುಪ್ತನ ಲೆಕ್ಕ ಖಚಿತ, ಯಾರೂ ಜಗಳ ತೆಗೆಯುವ ಹಾಗಿಲ್ಲ. ಇಲ್ಲಿ ನೋಡುವವರು ಗೇಲಿ ಮಾಡುತ್ತಾರೆ, ತಾತ್ಸಾರ ಮಾಡುತ್ತಾರೆ, ಸಂಗೀತವೂ ಅವರ ಜೊತೆ ಸೇರಿ ಚುಚ್ಚುತ್ತದೆ. ಸ್ಯಾಕ್ಸೊಫೋನಿನ ಆ ಕಿರಿಕಿರಿ ದನಿ ಇಲ್ಲಿ ಮಾತ್ರ ಸರಿಯಾದ ಜಾಗದಲ್ಲಿ ಕೂತಿದೆ. ಕೊನೆಗೆ ರಾನಿ ಪಾಸಾಗುತ್ತಾನೆ, ಸ್ವರ್ಗಕ್ಕೆ ಹೋಗುತ್ತಾನೆ.

ಸ್ವರ್ಗದಲ್ಲಿ ಅವನಿಗೆ ಬೇಜಾರು! ಎಲ್ಲರೂ ಕೂತು ಹಳೇ ನೆನಪು ಚಪ್ಪರಿಸುತ್ತಾರೆ, ಬೇರೇನೂ ಇಲ್ಲ. ಸ್ವರ್ಗದ ಕಚೇರಿಗೆ ಹೋಗಿ ಇಲ್ಲಿಂದ ಕಳಿಸಿ ಅನ್ನುತ್ತಾನೆ. ಆ ಕಚೇರಿಗೆ ಆಂಡರ್ಸನ್ ‘ಜಿ. ಒಡ್ಡಿ ಆ್ಯಂಡ್ ಸನ್’ ಅಂತ ಅಂಗಡಿ ಬೋರ್ಡಿನ ಹೆಸರಿಟ್ಟಿದ್ದಾನೆ, ಅಪ್ಪ-ಮಗ ಯಾರು ಅಂತ ಹೇಳಬೇಕಾಗಿಲ್ಲ. ನರಕಕ್ಕೆ ಹೋದರೆ ಸೈತಾನ ಲೂಸಿಫರ್ ಮೇಲೆ ಬೀಳುತ್ತಾನೆ, ಅಲ್ಲಿಂದಲೂ ಓಟ. ಪೂರ್ತಿ ಒಳ್ಳೆಯವನೂ ಅಲ್ಲ, ಪೂರ್ತಿ ಕೆಟ್ಟವನೂ ಅಲ್ಲ, ಹೀಗಾಗಿ ಎರಡೂ ಊರು ಅವನಿಗೆ ಹೊಂದುವುದಿಲ್ಲ. ಕೊನೆಗೆ ಅವನು ಕೇಳುವುದು ಮತ್ತೆ ಹುಟ್ಟುವ ಅವಕಾಶ.

ಇಲ್ಲೊಂದು ಮಜಾ ಇದೆ. ಮತ್ತೆ ಹುಟ್ಟುವುದೇ ಬೇಡಪ್ಪ ಅಂತ ಬೇಡಿಕೊಳ್ಳುವುದನ್ನು ಕೇಳಿ ಬೆಳೆದವರು ನಾವು. ಈ ರಾನಿ ಸ್ವರ್ಗವನ್ನೇ ವಾಪಸ್ ಕೊಟ್ಟು, ಗದ್ದಲದ ಭೂಮಿಗೆ ಟಿಕೆಟ್ ಕೇಳುತ್ತಾನೆ. ಟಿಕೆಟ್ ಅಂದೆ, ಯಾಕಂದರೆ ಅವನು ಹೊರಡುವ ಹೊತ್ತಿನ ಪುಟ್ಟ ಅಕೂಸ್ಟಿಕ್ ತುಣುಕಿಗೆ ‘10.08 ಟು ಪ್ಯಾಡಿಂಗ್ಟನ್’ ಎಂದೇ ಹೆಸರು. ಲಂಡನ್ನಿನ ಮಾಮೂಲಿ ರೈಲು! ನೀವು ಗುನುಗುವ ತುಣುಕುಗಳಲ್ಲಿ ಇದೂ ಒಂದು ಇರಬಹುದು ಅನ್ನುವುದು ನನ್ನ ಊಹೆ.

ಮೊಲದ ಕಥೆಗೆ ಬರೋಣ, ನಿಮ್ಮ ಮನೆಯವರ ಕ್ಷಮೆ ಕೇಳಿ. ಬೇಸ್ ನುಡಿಸುವ ಜೆಫ್ರಿ ಹ್ಯಾಮಂಡ್ ಬಂದು ಮಕ್ಕಳ ಕಥೆ ಹೇಳುತ್ತಾನೆ. ಮೊಲದ ಕನ್ನಡಕ ಕಳೆದಿದೆ. ಗೂಬೆ, ಕಾಂಗರೂ, ಜೇನು ಎಲ್ಲ ಸೇರಿ ಗಂಭೀರವಾಗಿ ಸಲಹೆ ಕೊಡುತ್ತವೆ, ಗಡಿಬಿಡಿ ಮಾಡುತ್ತವೆ. ಕೊನೆಗೆ ನೋಡಿದರೆ ಮೊಲದ ಹತ್ತಿರ ಇನ್ನೊಂದು ಜೊತೆ ಕನ್ನಡಕ ಇತ್ತು. ಅಷ್ಟೇ ಕಥೆ. ಬಹಳ ಜನ ಇದನ್ನು ಸುಮ್ನೆ ಸೇರಿಸಿದ ತಮಾಷೆ ಅನ್ನುತ್ತಾರೆ. ಅದು ಬರುವ ಜಾಗ ಗಮನಿಸಿ. ಒಂದು ಕಡೆ ತೀರ್ಪು ಕೊಟ್ಟ ಸಭೆ, ಇನ್ನೊಂದು ಕಡೆ ಸಪ್ಪೆ ಸ್ವರ್ಗ. ನಡುವೆ, ಒಬ್ಬನ ಕಷ್ಟವನ್ನು ಬಗೆಹರಿಸುತ್ತೇವೆ ಅಂತ ಬಂದ ದೊಡ್ಡವರ ಹಿಂಡು. ಆ ಕಷ್ಟಕ್ಕೆ ಅವರ ಅಗತ್ಯವೇ ಇರಲಿಲ್ಲ. ಇಡೀ ಆಲ್ಬಮ್ಮಿನ ವಾದ ಅಲ್ಲಿ ಚಿಕ್ಕದಾಗಿ ಕೂತಿದೆ. ಅರ್ಥ ಇದೆ ಅಂದ ಮಾತ್ರಕ್ಕೆ ನಗು ಬರಬೇಕು ಅಂತೇನಿಲ್ಲ. ಎಳೆದೆಳೆದು ಹೇಳುವ ಆ ರಾಗ ನನಗೂ ಎರಡನೇ ಸಲಕ್ಕೆ ಸಾಕಾಗುತ್ತದೆ. ವೇದಿಕೆಯ ಮೇಲೆ ಆ ಹೊತ್ತಿಗೆ ವೇಷ ಹಾಕಿದ ಪ್ರಾಣಿಗಳ ಚಿತ್ರ ಓಡುತ್ತಿತ್ತು. ಚಿತ್ರ ಇಲ್ಲದೆ ಬರೀ ಕೇಳುವುದು ಅರ್ಧ ಊಟ.

ಹಾಗಾದರೆ ಇದು ಶ್ರೇಷ್ಠ ಆಲ್ಬಮ್ಮೇ? ನಾನು ಅಷ್ಟು ದೂರ ಹೋಗುವುದಿಲ್ಲ. ಸಂಗೀತದ ಲೆಕ್ಕದಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಇದಕ್ಕಿಂತ ಮೇಲು. ಆದರೆ ಅದರ ಹುಟ್ಟೇ ಕಾನ್ಸೆಪ್ಟ್ ಆಲ್ಬಮ್ಮುಗಳ, ಅಂದರೆ ಒಂದೇ ಕಥೆ ಅಥವಾ ವಿಷಯ ಹಿಡಿದು ಸಾಗುವ ಆಲ್ಬಮ್ಮುಗಳ, ಅಣಕ. ಸೋತರೆ ‘ತಮಾಷೆ ಮಾಡಿದೆವು’ ಅಂತ ತಪ್ಪಿಸಿಕೊಳ್ಳಬಹುದಿತ್ತು. ಇಲ್ಲಿ ಆಂಡರ್ಸನ್ ಆ ಬಾಗಿಲು ಮುಚ್ಚಿದ. ಸಾವು, ತೀರ್ಪು, ಸ್ವರ್ಗ ಅನ್ನುವುದನ್ನು ಇಪ್ಪತ್ತೈದರ ಹುಡುಗನೊಬ್ಬ ನಿಜವಾಗಿ ಕೈಗೆತ್ತಿಕೊಂಡು, ಕೊನೆಗೆ ಭೂಮಿಯೇ ವಾಸಿ ಅಂದ. ಬರವಣಿಗೆಯ ಮಟ್ಟಿಗೆ ಆ ಬ್ಯಾಂಡಿನ ಅತಿ ಧೈರ್ಯದ ಕೆಲಸ ಇದೇ ಅನ್ನುವುದು ನನ್ನ ಅಭಿಪ್ರಾಯ. ಅದು ಗಡಿಬಿಡಿಯಲ್ಲಿ, ಇಕ್ಕಟ್ಟಿನಲ್ಲಿ ಹೊರಬಂತು.

ಇನ್ನು ನೀವು ಏನು ಮಾಡಬಹುದು. ಮೊದಲು ಪ್ಲೇಯರ್ ಸರಿ ಮಾಡಿಸಿ. ದುಂಡು ತುದಿಯ ಸೂಜಿ ಇದ್ದರೆ ಎಲಿಪ್ಟಿಕಲ್ (ಅಂಡಾಕಾರದ ತುದಿ) ಅಥವಾ ಅದಕ್ಕಿಂತ ಸೂಕ್ಷ್ಮವಾದದ್ದು ಹಾಕಿಸಿ, ಕೋನ ಅಳೆಯುವ ಪ್ರೊಟ್ರಾಕ್ಟರ್ ಇಟ್ಟು ಕಾರ್ಟ್ರಿಜ್ ಕೋನ ನೋಡಿಸಿ, ಒತ್ತಡ ಕಾರ್ಟ್ರಿಜ್ ಕಂಪನಿ ಹೇಳಿದಷ್ಟೇ ಇರಲಿ. ಒತ್ತಡ ಕಡಿಮೆ ಮಾಡಿದರೆ ರೆಕಾರ್ಡ್ ಉಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಸೂಜಿ ಗೆರೆಯಲ್ಲಿ ಕುಣಿದು ಇನ್ನೂ ಜಾಸ್ತಿ ಕೆಡಿಸುತ್ತದೆ. ಗೆರೆಗಳೇ ಸವೆದಿದ್ದರೆ ಮಾತ್ರ ಈ ಖರ್ಚು ಈ ಎಲ್‌ಪಿಗೆ ಉಪಯೋಗ ಆಗುವುದಿಲ್ಲ, ನಿಮ್ಮ ಉಳಿದ ಎಲ್‌ಪಿಗಳಿಗೆ ಆಗುತ್ತದೆ.

2014ರ ಆವೃತ್ತಿಯಲ್ಲಿ ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ್ದಾನೆ. ನಾನು ಮೇಲೆ ಹೇಳಿದ ಇಕ್ಕಟ್ಟು ಅದರಲ್ಲಿ ಬಹಳ ಕಡಿಮೆ. ಬ್ಯಾರಿಮೋರ್ ಬಾರ್ಲೊನ ಡ್ರಮ್ಸ್ ಎಷ್ಟು ನಾಜೂಕು ಅಂತ ನನಗೆ ಗೊತ್ತಾದದ್ದೇ ಅಲ್ಲಿ. ಶಾತೊ ಟೇಪುಗಳೂ ಜೊತೆಗಿವೆ. ಆದರೆ ಕೆಲವು ವಿಷಯ ತಿಳಿದಿರಲಿ. ‘ದ ಫುಟ್ ಆಫ್ ಅವರ್ ಸ್ಟೇರ್ಸ್’ನಲ್ಲಿ ಹಳೇ ಆಲ್ಬಮ್ಮಿನಲ್ಲಿ ಇಲ್ಲದ ಎರಡು ಚರಣ ಸೇರಿವೆ. ಸುಮಾರು 50 ಸೆಕೆಂಡ್. ಕಥೆಗೆ ಅದು ಒಳ್ಳೆಯದೇ, ಆದರೆ 1973ರಲ್ಲಿ ಜನ ಕೇಳಿದ್ದು ಅದನ್ನಲ್ಲ. ಇನ್ನೊಂದು, ಹಳೇ ಮಿಕ್ಸಿನ ಉಸಿರುಗಟ್ಟಿಸುವ ಕತ್ತಲು ನರಕದ ಭಾಗಕ್ಕೆ ಒಪ್ಪುತ್ತಿತ್ತು. ಬೆಳಕು ಬಂದಾಗ ಭಯ ಸ್ವಲ್ಪ ಹೋಗುತ್ತದೆ. ಆ ಆವೃತ್ತಿ ಸಿಗದಿದ್ದರೆ, ಸಿಕ್ಕರೂ ಬೆಲೆ ಕೈಗೆಟುಕದಿದ್ದರೆ, ಸ್ಟ್ರೀಮಿಂಗ್‌ನಲ್ಲಿ ಕೇಳಿ. ಅಲ್ಲಿ ಭಾಗಗಳು ಬೇರೆ ಬೇರೆ ಟ್ರ್ಯಾಕ್ ಆಗಿದ್ದರೆ ಷಫಲ್ ಆಫ್ ಮಾಡಿ, ನಡುವೆ ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್ ಮಾಡಿ. ಇಲ್ಲದಿದ್ದರೆ ರಾನಿ ಸಾಯುವ ಮುಂಚೆಯೇ ಮತ್ತೆ ಹುಟ್ಟಿಬಿಡುತ್ತಾನೆ.

ಶಾತೊ ಟೇಪುಗಳನ್ನು ಮೊದಲು ಕೇಳಬೇಡಿ. ಹಗುರವಾಗಿರುವುದರಿಂದ ಅದೇ ಇಷ್ಟವಾಗಿ, ಆಲ್ಬಮ್ ಇನ್ನೂ ಭಾರ ಅನ್ನಿಸುತ್ತದೆ. ಇಡೀ 45 ನಿಮಿಷವನ್ನು ಒಂದೇ ಸಲಕ್ಕೆ ಕೇಳಲೇಬೇಕು ಅನ್ನುವ ಹಟವೂ ಬೇಡ. ಒಂದು ಸಂಜೆ ಮೊದಲ ಎರಡು ಅಂಕ, ಇನ್ನೊಂದು ಸಂಜೆ ಉಳಿದದ್ದು. ಮೊಲವನ್ನು ಹಾರಿಸಿದರೆ ಯಾರೂ ಕೇಳುವುದಿಲ್ಲ, ಮನೆಯಲ್ಲೂ ಶಾಂತಿ.

ಮಾರುವ ವಿಚಾರ. ಕವರಿನೊಳಗೆ ನೋಡಿ. ಮೊದಲ ಮುದ್ರಣಗಳ ಜೊತೆ ‘ಲಿನ್‌ವೆಲ್ ಥಿಯೇಟರ್’ ಎಂಬ ಕಲ್ಪಿತ ನಾಟಕಶಾಲೆಯ ಕಾರ್ಯಕ್ರಮ ಪುಸ್ತಿಕೆ ಬರುತ್ತಿತ್ತು. ಅಂಕಗಳ ವಿವರ, ಬ್ಯಾಂಡಿನವರೇ ನಟರಾಗಿ ಪೋಸ್ ಕೊಟ್ಟ ಫೋಟೋ, ಅವರ ಸುಳ್ಳು ಪರಿಚಯ ಎಲ್ಲ ಅದರಲ್ಲಿದೆ. ಕಥೆ ತಲೆಬುಡ ಗೊತ್ತಾಗುತ್ತಿಲ್ಲ ಅಂದಿರಲ್ಲ, ನಿಮ್ಮ ಪ್ರತಿಯಲ್ಲಿ ಅದು ಕಳೆದುಹೋಗಿರಬೇಕು ಅಂತ ನನ್ನ ಅನುಮಾನ. ಪುಸ್ತಿಕೆ ಇದ್ದರೆ, ಗೆರೆ ಸವೆದಿದ್ದರೂ ಎಲ್‌ಪಿ ಇಟ್ಟುಕೊಳ್ಳಿ. ಅದನ್ನು ಕೈಯಲ್ಲಿ ಹಿಡಿದು ಹೊಸ ಮಿಕ್ಸ್ ಕೇಳಿ. ಪುಸ್ತಿಕೆಯೂ ಇಲ್ಲ, ಗೆರೆಯೂ ಹೋಗಿದೆ ಅಂದರೆ ಮಾರಿ. ಆದರೆ ಕೊಳ್ಳುವವರಿಗೆ ಎರಡನ್ನೂ ಹೇಳಿ ಮಾರಿ, ಎರಡನೇ ಬದಿಯ ಕೊನೆಯ ಐದು ನಿಮಿಷ ಅವರ ಎದುರಿಗೇ ಹಾಕಿ ತೋರಿಸಿ.